ನಿಮ್ಮ ಮಗು ‘ನಾರ್ಮಲ್’ ಇದೆಯೇ?

ವೈದ್ಯರ ಬಳಿಗೆ ಬರುವವರು ಅತಿ ಹೆಚ್ಚು ಬಳಸುವ ಇಂಗ್ಲಿಷ್ ಶಬ್ದ ಯಾವುದೆಂದು ಕೇಳಿದರೆ ‘ನಾರ್ಮಲ್’ ಎಂದೇ ಹೇಳಬೇಕಾಗುತ್ತದೆ. ಬಿ.ಪಿ. ನಾರ್ಮಲ್ ಇದೆಯೇ, ಶುಗರ್ ನಾರ್ಮಲ್ ಇದೆಯೇ, ಹೆರಿಗೆ ನಾರ್ಮಲ್ ಆಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕ ಮಕ್ಕಳ ತಾಯಂದಿರಂತೂ ಮಗುವನ್ನು ತೂಕದ ಯಂತ್ರದಿಂದ ಇಳಿಸುವ ಮೊದಲೇ ಈ ಪ್ರಶ್ನೆ ಹಾಕುತ್ತಾರೆ. ಪಕ್ಕದ ಮನೆಯ ಮಗು ಇದಕ್ಕಿಂತ ಒಂದು ಕಿಲೋ ಹೆಚ್ಚಿದೆ ಎಂದು ಒಬ್ಬರಿಗೆ ಆತಂಕ. ನಮ್ಮ ಬೀದಿಯ ಮಕ್ಕಳೆಲ್ಲ ಹೀಗೇ ಇದ್ದಾರೆ, ಹಾಗಾಗಿ ತೊಂದರೆಯಿಲ್ಲ ಎಂದು ಇನ್ನೊಬ್ಬರಿಗೆ ಸಮಾಧಾನ. ಆ ಆತಂಕಕ್ಕೂ ಈ ಸಮಾಧಾನಕ್ಕೂ ಆಧಾರ ಸಾಲದು. ‘ನಾರ್ಮಲ್’ ಎಂಬ ಮಾತಿನ ಹಿಂದೆ ಒಂದು ಸರಳವಾದ ಲೆಕ್ಕವಿದೆ. ಅದನ್ನು ತಿಳಿದುಕೊಂಡರೆ ಯಾವಾಗ ಹೆದರಬೇಕು, ಯಾವಾಗ ಹೆದರಬೇಕಾಗಿಲ್ಲ ಎಂಬುದು ಮನೆಯವರಿಗೇ ಗೊತ್ತಾಗುತ್ತದೆ.

ಎಲ್ಲವೂ ಒಂದೇ ಸಮ ಇರುವುದಿಲ್ಲ

ರೇಷ್ಮೆ ಬೆಳೆಯುವ ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ದಿನ ಮೊಟ್ಟೆಯೊಡೆದ ಹುಳು, ಒಂದೇ ತೋಟದ ಸೊಪ್ಪು, ಒಂದೇ ಚಂದ್ರಿಕೆ. ಆದರೂ ಬಿಡಿಸಿದ ಗೂಡುಗಳಲ್ಲಿ ಕೆಲವು ದಪ್ಪ, ಕೆಲವು ಸಣ್ಣ. ಬಹುಪಾಲು ಗೂಡುಗಳು ಮಧ್ಯಮ ಗಾತ್ರದವು. ತೀರಾ ದೊಡ್ಡವು ಕೆಲವೇ, ತೀರಾ ಚಿಕ್ಕವೂ ಕೆಲವೇ. ಹೊಲದ ರಾಗಿ ತೆನೆಯ ಉದ್ದವನ್ನು ಅಳೆದರೂ, ಶಾಲೆಯ ಒಂದೇ ತರಗತಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿದರೂ ಇದೇ ರೀತಿ ಕಾಣುತ್ತದೆ.

ಇದೇಕೆ ಹೀಗೆ? ಚೌಕಾಬಾರ ಆಡಿದವರಿಗೆ ಉತ್ತರ ಅರ್ಧ ಗೊತ್ತಿದೆ. ನಾಲ್ಕೂ ಕವಡೆ ಒಂದೇ ಬಗೆಯಾಗಿ ಬೀಳುವುದು ಅಪರೂಪವಾದ್ದರಿಂದಲೇ ಚೌಕ ಮತ್ತು ಬಾರಕ್ಕೆ ಅಷ್ಟು ಬೆಲೆ. ಕವಡೆಯ ಬದಲು ನಾಲ್ಕು ನಾಣ್ಯಗಳನ್ನು ಎಸೆಯಿರಿ. ಅವು ಬೀಳಬಹುದಾದ ರೀತಿಗಳು ಒಟ್ಟು 16. ಅವುಗಳಲ್ಲಿ ಎರಡು ತಲೆ ಮೇಲೆ ಬರುವ ರೀತಿಗಳು 6, ಒಂದು ತಲೆ ಬರುವವು 4, ಮೂರು ಬರುವವು 4. ನಾಲ್ಕೂ ತಲೆ ಬರುವುದು ಒಂದೇ ರೀತಿಯಲ್ಲಿ, ಒಂದೂ ಬಾರದಿರುವುದೂ ಒಂದೇ ರೀತಿಯಲ್ಲಿ. ಹತ್ತು ನಾಣ್ಯಗಳನ್ನು ಎಸೆದರೆ 1024 ರೀತಿಗಳು. ಅವುಗಳ ಪೈಕಿ 672ರಲ್ಲಿ ನಾಲ್ಕು, ಐದು ಅಥವಾ ಆರು ತಲೆ ಬರುತ್ತದೆ. ಹತ್ತೂ ತಲೆ ಬರುವುದು ಒಂದೇ ಒಂದು ರೀತಿಯಲ್ಲಿ. ಈ ಎಣಿಕೆಯನ್ನು ಚಿತ್ರವಾಗಿ ಬರೆದರೆ ನಡುವೆ ಎದ್ದು ಎರಡು ಕಡೆಗೂ ಇಳಿಯುವ ಗುಡ್ಡದಂತೆ ಕಾಣುತ್ತದೆ.

ಮನುಷ್ಯನ ಎತ್ತರವೂ ಇಂಥದೇ ಆಟದ ಫಲ. ತಂದೆ ತಾಯಿಯಿಂದ ಬಂದ ನೂರಾರು ಸಣ್ಣ ಸಣ್ಣ ವಂಶವಾಹಿ ಅಂಶಗಳು, ಗರ್ಭದಲ್ಲಿದ್ದಾಗ ಸಿಕ್ಕ ಪೋಷಣೆ, ಆಮೇಲಿನ ಊಟ, ಬಂದುಹೋದ ಕಾಯಿಲೆಗಳು ಒಂದೊಂದೂ ಎತ್ತರವನ್ನು ಸ್ವಲ್ಪ ಮೇಲಕ್ಕೋ ಸ್ವಲ್ಪ ಕೆಳಕ್ಕೋ ತಳ್ಳುತ್ತವೆ. ಎಲ್ಲವೂ ಒಂದೇ ಕಡೆಗೆ ತಳ್ಳುವುದು ಅಪರೂಪ. ಆದ್ದರಿಂದ ಹೆಚ್ಚಿನವರು ನಡುವೆ ನಿಲ್ಲುತ್ತಾರೆ, ಕೆಲವರು ಮಾತ್ರ ತುದಿಯಲ್ಲಿ ಉಳಿಯುತ್ತಾರೆ. ಹೀಗೆ ಹರಡಿಕೊಳ್ಳುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ‘ನಾರ್ಮಲ್ ಡಿಸ್ಟ್ರಿಬ್ಯೂಷನ್’ ಅಥವಾ ಸಾಮಾನ್ಯ ವಿತರಣೆ ಎನ್ನುತ್ತಾರೆ. ಅದರ ಚಿತ್ರ ತೂಗುಹಾಕಿದ ಗಂಟೆಯ ಆಕಾರದಲ್ಲಿರುತ್ತದೆ. ನಾವು ಇಲ್ಲಿ ಅದನ್ನು ‘ಗುಡ್ಡ’ ಎಂದೇ ಕರೆಯೋಣ. ಕಬ್ಬಾಳು ಬೆಟ್ಟವನ್ನು ದೂರದಿಂದ ನೋಡಿದವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಈ ಲೆಕ್ಕ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ವಿದ್ವಾಂಸರು ಸ್ಕಾಟ್ಲೆಂಡಿನ 5,738 ಸೈನಿಕರ ಎದೆಯ ಸುತ್ತಳತೆಯನ್ನು ಪರಿಶೀಲಿಸಿ, ಅದು ಸುಮಾರು 40 ಅಂಗುಲದ ಎರಡು ಬದಿಗೂ ಇದೇ ಗುಡ್ಡದಂತೆ ಹರಡಿರುವುದನ್ನು ತೋರಿಸಿದರು. ನಮ್ಮ ದೇಶದಲ್ಲಿ ಪಿ.ಸಿ. ಮಹಲನೋಬಿಸ್ ಅವರು 1922ರಲ್ಲಿ ಪ್ರಕಟಿಸಿದ ಪ್ರಬಂಧ ಕಲ್ಕತ್ತೆಯ 200 ಮಂದಿ ಆಂಗ್ಲೋ-ಇಂಡಿಯನ್ನರ ಎತ್ತರವನ್ನು ಕುರಿತದ್ದು. ಅವರು ಕಟ್ಟಿದ ಸಂಸ್ಥೆಯಲ್ಲಿ ಬೆಳೆದು ಜಗತ್ಪ್ರಸಿದ್ಧರಾದ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ.

ಎರಡು ಸಂಖ್ಯೆ ಸಾಕು

ಗುಡ್ಡವನ್ನು ವರ್ಣಿಸಲು ಎರಡು ಸಂಖ್ಯೆಗಳು ಸಾಕು. ಮೊದಲನೆಯದು ಸರಾಸರಿ, ಅಂದರೆ ಗುಡ್ಡದ ತುದಿ ಎಲ್ಲಿದೆ ಎಂಬುದು. ಎರಡನೆಯದು ಹರವು, ಅಂದರೆ ಗುಡ್ಡ ಎಷ್ಟು ಅಗಲವಾಗಿದೆ ಎಂಬುದು. ಪುಸ್ತಕಗಳಲ್ಲಿ ಎರಡನೆಯದಕ್ಕೆ ‘ಮಾನಕ ವಿಚಲನೆ’ ಎಂಬ ಹೆಸರಿದೆ. ತಿಳಿಯುವುದಕ್ಕೆ ಸುಲಭವಾಗಲೆಂದು ಅದನ್ನು ‘ಒಂದು ಮೆಟ್ಟಿಲು’ ಎನ್ನೋಣ.

ಮೂರು ವರ್ಷ ತುಂಬಿದ ಗಂಡು ಮಗುವಿನ ಎತ್ತರವನ್ನು ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯ ಪ್ರಕಾರ ಸರಾಸರಿ 96.1 ಸೆಂ.ಮೀ., ಒಂದು ಮೆಟ್ಟಿಲು 3.7 ಸೆಂ.ಮೀ. ಒಂದು ಮೆಟ್ಟಿಲು ಕೆಳಗಿನಿಂದ ಒಂದು ಮೆಟ್ಟಿಲು ಮೇಲಿನವರೆಗೆ, ಅಂದರೆ 92.4ರಿಂದ 99.8 ಸೆಂ.ಮೀ. ನಡುವೆ, ನೂರರಲ್ಲಿ ಸುಮಾರು 68 ಮಕ್ಕಳು ಸೇರುತ್ತಾರೆ. ಎರಡು ಮೆಟ್ಟಿಲು ಕೆಳಗಿನಿಂದ ಎರಡು ಮೆಟ್ಟಿಲು ಮೇಲಿನವರೆಗೆ, ಅಂದರೆ 88.7ರಿಂದ 103.5 ಸೆಂ.ಮೀ. ನಡುವೆ, ಸುಮಾರು 95 ಮಕ್ಕಳು. ಉಳಿದವರಲ್ಲಿ ಅರ್ಧದಷ್ಟು ಮಕ್ಕಳು ಅದಕ್ಕಿಂತ ಎತ್ತರ, ಅರ್ಧದಷ್ಟು ಮಕ್ಕಳು ಅದಕ್ಕಿಂತ ಗಿಡ್ಡ. ಹೆಣ್ಣು ಮಗುವಾದರೆ ಇದೇ ವಯಸ್ಸಿಗೆ ಸರಾಸರಿ 95.1 ಸೆಂ.ಮೀ., ಎರಡು ಮೆಟ್ಟಿಲು ಕೆಳಗಿನ ಗೆರೆ 87.4 ಸೆಂ.ಮೀ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತದೆ. ಸರಾಸರಿಗಿಂತ ಕಡಿಮೆ ಇರುವುದು ಕಾಯಿಲೆಯಲ್ಲ. ಚೆನ್ನಾಗಿ ಬೆಳೆಯುತ್ತಿರುವ ಮಕ್ಕಳಲ್ಲಿಯೂ ಅರ್ಧ ಮಂದಿ ಸರಾಸರಿಯ ಕೆಳಗೇ ಇರುತ್ತಾರೆ. ಎರಡು ಮೆಟ್ಟಿಲಿನ ಗೆರೆಯ ಕೆಳಗೂ ಆರೋಗ್ಯವಂತ ಮಕ್ಕಳು ಇರಬಹುದು, ಆದರೆ ಸಾವಿರಕ್ಕೆ 23ರಷ್ಟು ಮಾತ್ರ. ಆದ್ದರಿಂದ ಆ ಗೆರೆಯ ಕೆಳಗಿರುವ ಮಗುವಿಗೆ ಕಾಯಿಲೆಯ ಹಣೆಪಟ್ಟಿ ಕಟ್ಟಬಾರದು, ಆದರೆ ಪರೀಕ್ಷೆ ಮಾಡಿಸದೆ ಬಿಡಲೂಬಾರದು.

ಈ ಅಳತೆ ಯಾರದು?

‘ಇದೆಲ್ಲ ಬಿಳಿಯರ ಮಕ್ಕಳ ಲೆಕ್ಕ. ನಮ್ಮ ವಂಶದಲ್ಲೇ ಎಲ್ಲರೂ ಕುಳ್ಳು’ ಎಂದು ಮನೆಯ ಹಿರಿಯರು ಹೇಳುವುದುಂಟು. ಈ ಸಂದೇಹ ಸಹಜವಾದದ್ದೇ. ಆದರೆ 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಳತೆ ಒಂದು ದೇಶದ್ದಲ್ಲ. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮನ್ ಮತ್ತು ಅಮೆರಿಕ ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು ಅಳೆದು ಅದನ್ನು ಸಿದ್ಧಪಡಿಸಲಾಯಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ತಾಯಿಯ ಹಾಲು ಕುಡಿದು, ಹೊಟ್ಟೆ ತುಂಬ ಊಟ, ಶುದ್ಧ ನೀರು, ಲಸಿಕೆ ಎಲ್ಲ ದೊರೆತ ಮಕ್ಕಳನ್ನೇ ಆರಿಸಲಾಗಿತ್ತು.

ಫಲಿತಾಂಶ ಗಮನಾರ್ಹವಾದದ್ದು. ಮಕ್ಕಳ ಉದ್ದದಲ್ಲಿ ಕಂಡ ಒಟ್ಟು ವ್ಯತ್ಯಾಸದಲ್ಲಿ ಸುಮಾರು ಶೇ. 70ರಷ್ಟು ಮಗುವಿನಿಂದ ಮಗುವಿಗೆ ಇದ್ದದ್ದು. ದೇಶದಿಂದ ದೇಶಕ್ಕೆ ಇದ್ದದ್ದು ಶೇ. 3ರಷ್ಟು ಮಾತ್ರ. ಅಂದರೆ ಊಟ, ನೀರು, ಆರೈಕೆ ಸರಿಯಾಗಿದ್ದರೆ ಮೊದಲ ಐದು ವರ್ಷಗಳಲ್ಲಿ ದೆಹಲಿಯ ಮಗುವೂ ನಾರ್ವೆಯ ಮಗುವೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ. ನಮ್ಮ ಅಂಗನವಾಡಿಗಳಲ್ಲೂ ಈಗ ಬಳಸುವುದು ಇದೇ ಅಳತೆಯನ್ನು.

ಜರುಗಿದ ಗುಡ್ಡ

ಈಗ ನಮ್ಮ ರಾಜ್ಯದ ಕಡೆ ನೋಡೋಣ. ಚೆನ್ನಾಗಿ ಬೆಳೆದ ಮಕ್ಕಳಲ್ಲಿ ಎತ್ತರದ ಎರಡು ಮೆಟ್ಟಿಲಿನ ಗೆರೆಯ ಕೆಳಗೆ ನೂರಕ್ಕೆ ಇಬ್ಬರು ಅಥವಾ ಮೂವರು ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಆ ಗೆರೆಯ ಕೆಳಗಿದ್ದವರು ನೂರಕ್ಕೆ 35.4. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 36.2 ಇತ್ತು. ವಯಸ್ಸಿಗೆ ತಕ್ಕ ತೂಕವಿಲ್ಲದವರು 2019-21ರಲ್ಲಿ ನೂರಕ್ಕೆ 32.9.

ಇದನ್ನು ‘ಮೂವರಲ್ಲಿ ಒಂದು ಮಗುವಿಗೆ ತೊಂದರೆ, ಉಳಿದಿಬ್ಬರು ಕ್ಷೇಮ’ ಎಂದು ಅರ್ಥ ಮಾಡಿಕೊಳ್ಳುವುದು ಸರಿಯಲ್ಲ. ಗುಡ್ಡದ ತುದಿ ಇದ್ದಲ್ಲೇ ಇದ್ದು ಎಡಬದಿಯಲ್ಲಿ ಮಾತ್ರ ಇಷ್ಟು ಮಕ್ಕಳು ಕೂಡಿಕೊಳ್ಳುವುದಿಲ್ಲ. ಇಡೀ ಗುಡ್ಡವೇ ಎಡಕ್ಕೆ ಜರುಗಿದಾಗ ಹೀಗಾಗುತ್ತದೆ. ಹರವು ಮೊದಲಿನಷ್ಟೇ ಇದೆಯೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ನೂರಕ್ಕೆ 35 ಮಕ್ಕಳು ಗೆರೆಯ ಕೆಳಗೆ ಬರಬೇಕಾದರೆ ತುದಿ ಸುಮಾರು ಒಂದೂವರೆ ಮೆಟ್ಟಿಲಿನಷ್ಟು ಜರುಗಿರಬೇಕು. ಮೂರು ವರ್ಷದ ಮಗುವಿಗೆ ಅದು ಐದಾರು ಸೆಂ.ಮೀ. ಇದು ಅಂದಾಜಿನ ಲೆಕ್ಕವೇ ಹೊರತು ಅಳೆದ ಸಂಖ್ಯೆಯಲ್ಲ. ಆದರೂ ಅದು ಹೇಳುವ ಮಾತು ಮುಖ್ಯ. ಗೆರೆಯ ಮೇಲಿರುವ ಮಕ್ಕಳಲ್ಲಿಯೂ ಅನೇಕರು ತಾವು ಮುಟ್ಟಬಹುದಾಗಿದ್ದ ಎತ್ತರವನ್ನು ಮುಟ್ಟಿಲ್ಲ.

‘ನಮ್ಮ ಬೀದಿಯ ಮಕ್ಕಳೆಲ್ಲ ಹೀಗೇ ಇದ್ದಾರೆ’ ಎಂಬ ಸಮಾಧಾನ ಇಲ್ಲಿಯೇ ದಾರಿ ತಪ್ಪಿಸುತ್ತದೆ. ಬೀದಿಗೆ ಬೀದಿಯೇ ಜರುಗಿದ್ದರೆ, ಬೀದಿಯ ಸರಾಸರಿಗೆ ಸರಿಯಾಗಿರುವ ಮಗುವೂ ಹಿಂದೆ ಬಿದ್ದಿರುತ್ತದೆ. ಎತ್ತರ ಕಡಿಮೆಯಾಯಿತೆಂಬುದಷ್ಟೇ ಇಲ್ಲಿನ ಚಿಂತೆಯಲ್ಲ. ಗರ್ಭದಿಂದ ಎರಡು ವರ್ಷದವರೆಗಿನ ಸುಮಾರು ಸಾವಿರ ದಿನಗಳಲ್ಲಿ ಮೂಳೆಯ ಜೊತೆಗೆ ಮಿದುಳೂ ವೇಗವಾಗಿ ಬೆಳೆಯುತ್ತದೆ. ಆ ಅವಧಿಯಲ್ಲಿ ಆದ ಕೊರತೆಯನ್ನು ಆಮೇಲೆ ಪೂರ್ತಿಯಾಗಿ ತುಂಬುವುದು ಕಷ್ಟ.

ಒಂದು ಮಗುವಿನ ಮಾತು ಬೇರೆ

ಹಾಗೆಂದು ಗುಡ್ಡ ಜರುಗಿದೆ ಎಂಬುದರಿಂದ ನಿಮ್ಮ ಮಗುವಿಗೆ ತೊಂದರೆಯಿದೆ ಎಂದು ತೀರ್ಮಾನಿಸಲಾಗದು. ಗುಡ್ಡ ಹೇಳುವುದು ಊರಿನ ಮಾತನ್ನು. ಮಗುವಿನ ಮಾತನ್ನು ಹೇಳುವುದು ಅದರದೇ ಬೆಳವಣಿಗೆಯ ಗೆರೆ. ಅದಕ್ಕಾಗಿಯೇ ತಾಯಿ ಕಾರ್ಡಿನಲ್ಲಿ ವಯಸ್ಸಿಗೆ ತಕ್ಕ ತೂಕದ ನಕ್ಷೆ ಇರುವುದು. ಹೆಣ್ಣು ಮಗುವಿಗೆ ಗುಲಾಬಿ, ಗಂಡು ಮಗುವಿಗೆ ನೀಲಿ. ಅದರೊಳಗಿನ ಬಣ್ಣದ ಪಟ್ಟಿಗಳು ನಾವು ಹೇಳಿದ ಮೆಟ್ಟಿಲುಗಳೇ: ಎರಡು ಮೆಟ್ಟಿಲು ಕೆಳಗಿನ ಗೆರೆಯ ಮೇಲೆ ಹಸಿರು, ಎರಡರಿಂದ ಮೂರು ಮೆಟ್ಟಿಲು ಕೆಳಗೆ ಹಳದಿ, ಅದಕ್ಕೂ ಕೆಳಗೆ ಕಿತ್ತಳೆ.

ಇಬ್ಬರು ಗಂಡು ಮಕ್ಕಳಿದ್ದಾರೆ ಎಂದುಕೊಳ್ಳಿ. ಮೊದಲನೆಯವನು ಆರು ತಿಂಗಳಲ್ಲಿ 7.9 ಕಿಲೋ, ಒಂಬತ್ತರಲ್ಲಿ 8.2, ಒಂದು ವರ್ಷದಲ್ಲಿ 8.2. ಎರಡನೆಯವನು ಆರು ತಿಂಗಳಲ್ಲಿ 6.5, ಒಂಬತ್ತರಲ್ಲಿ 7.2, ಒಂದು ವರ್ಷದಲ್ಲಿ 7.8. ಒಂದು ವರ್ಷದ ಗಂಡು ಮಗುವಿನ ನಡುಗೆರೆ 9.6 ಕಿಲೋ, ಎರಡು ಮೆಟ್ಟಿಲು ಕೆಳಗಿನ ಗೆರೆ 7.7 ಕಿಲೋ. ಇಬ್ಬರೂ ಹಸಿರು ಪಟ್ಟಿಯಲ್ಲೇ ಇದ್ದಾರೆ; ಮೊದಲನೆಯವನ ತೂಕವೇ ಹೆಚ್ಚು. ಆದರೆ ವೈದ್ಯರು ಮೊದಲು ವಿಚಾರಿಸುವುದು ಅವನನ್ನೇ. ಅವನು ಆರು ತಿಂಗಳಲ್ಲಿ ಸರಿಯಾಗಿ ನಡುಗೆರೆಯಲ್ಲಿದ್ದು, ವರ್ಷ ತುಂಬುವ ಹೊತ್ತಿಗೆ ಒಂದು ಮೆಟ್ಟಿಲಿಗಿಂತ ಹೆಚ್ಚು ಕೆಳಗಿಳಿದಿದ್ದಾನೆ. ಮೂರು ತಿಂಗಳಿನಿಂದ ತೂಕ ಏರಿಯೇ ಇಲ್ಲ. ಮೇಲುಣಿಸು ಸಾಲುತ್ತಿಲ್ಲವೇ, ಪದೇ ಪದೇ ಭೇದಿಯಾಗುತ್ತಿದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯವಿದೆಯೇ ಎಂದು ನೋಡಬೇಕು. ಎರಡನೆಯವನು ಹುಟ್ಟಿನಿಂದಲೇ ಸಣ್ಣವನಿರಬಹುದು, ಗೆರೆಯ ಅಂಚಿನಲ್ಲಿರುವುದರಿಂದ ಅವನ ಮೇಲೂ ಕಣ್ಣಿಡಬೇಕು. ಆದರೆ ಅವನು ತನ್ನ ಗೆರೆಯನ್ನು ಬಿಟ್ಟಿಲ್ಲ. ಒಂದು ಸಲದ ತೂಕ ನೋಡಿದ್ದರೆ ಈ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ.

ತೂಕದ ಗುಡ್ಡ ಎತ್ತರದ ಗುಡ್ಡದಷ್ಟು ಸಮವಲ್ಲ ಎಂಬುದನ್ನೂ ಗಮನಿಸಬೇಕು. ಒಂದು ವರ್ಷದ ಗಂಡು ಮಗುವಿಗೆ ಎರಡು ಮೆಟ್ಟಿಲು ಕೆಳಗೆ ಹೋದರೆ 1.9 ಕಿಲೋ ಇಳಿಯುತ್ತದೆ. ಎರಡು ಮೆಟ್ಟಿಲು ಮೇಲೆ ಹೋದರೆ 2.4 ಕಿಲೋ ಏರಿ 12 ಕಿಲೋ ಆಗುತ್ತದೆ. ಭಾರದ ಕಡೆಯ ಇಳಿಜಾರು ಉದ್ದ. ರಕ್ತದ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಅಂಶವೂ ಹೀಗೆಯೇ ಒಂದು ಕಡೆಗೆ ಬಾಲ ಬೆಳೆಸಿಕೊಳ್ಳುತ್ತದೆ. ಊರಿನ ಜನರ ಆದಾಯದಲ್ಲಂತೂ ಈ ಬಾಲ ಇನ್ನೂ ಉದ್ದ: ಒಬ್ಬ ಭಾರಿ ಶ್ರೀಮಂತನಿದ್ದರೆ ಸಾಕು, ಊರಿನ ಸರಾಸರಿ ಏರಿಬಿಡುತ್ತದೆ. ಎಲ್ಲವೂ ಗಂಟೆಯಾಕಾರದಲ್ಲಿಯೇ ಇರಬೇಕೆಂಬ ನಿಯಮವಿಲ್ಲ.

ಲ್ಯಾಬ್ ರಿಪೋರ್ಟಿನ ‘ನಾರ್ಮಲ್’

ದೊಡ್ಡವರ ರಕ್ತಪರೀಕ್ಷೆಯ ವರದಿಯಲ್ಲೂ ಇದೇ ಲೆಕ್ಕ ಕೆಲಸ ಮಾಡುತ್ತದೆ. ಅನೇಕ ಪರೀಕ್ಷೆಗಳಲ್ಲಿ ನಿಮ್ಮ ಸಂಖ್ಯೆಯ ಪಕ್ಕದಲ್ಲಿ ಅಚ್ಚಾಗಿರುವ ಮಿತಿ ಎಂದರೆ ಆರೋಗ್ಯವಂತರಲ್ಲಿ ನಡುವಿನ ಶೇ. 95 ಮಂದಿ ಇರುವ ಜಾಗ. ಆದ್ದರಿಂದ ಯಾವ ಕಾಯಿಲೆಯೂ ಇಲ್ಲದ 20 ಜನರಲ್ಲಿ ಒಬ್ಬರು ಆ ಮಿತಿಯ ಹೊರಗೆ ಬಂದೇ ಬರುತ್ತಾರೆ. ಒಬ್ಬರೇ ‘ಪ್ಯಾಕೇಜ್’ ಎಂದು ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಒಂದಾದರೂ ಮಿತಿಯ ಹೊರಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 64. ಹಾಗಾಗಿ ದಪ್ಪ ಅಕ್ಷರದಲ್ಲಿ ಅಚ್ಚಾದ ಒಂದು ಸಂಖ್ಯೆಯನ್ನು ನೋಡಿ ರಾತ್ರಿಯೆಲ್ಲ ನಿದ್ದೆಗೆಡಬೇಕಾಗಿಲ್ಲ. ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ನೋಡುತ್ತಾರೆ.

ಆದರೆ ಕೆಲವು ಮಿತಿಗಳು ಜನರ ನಡುವಿನ ಗುಡ್ಡದಿಂದ ಬಂದವಲ್ಲ, ಆಗುವ ಹಾನಿಯನ್ನು ನೋಡಿ ಇಟ್ಟವು. ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 126 ಮಿ.ಗ್ರಾಂ. ಮುಟ್ಟಿದರೆ, ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಅದು ಸಕ್ಕರೆ ಕಾಯಿಲೆ. ಬೀದಿಯಲ್ಲಿ ಎಷ್ಟು ಜನಕ್ಕೆ ಅಷ್ಟಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ರಕ್ತಹೀನತೆಯೂ ಅಂಥದೇ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ.ಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019-21ರ ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಅರ್ಧದಷ್ಟು ಹೆಂಗಸರಿಗೆ ಇರುವುದರಿಂದ ‘ಹೆಂಗಸರಿಗೆ ಸುಸ್ತು ಇದ್ದದ್ದೇ’ ಎಂಬ ಮಾತು ಹುಟ್ಟಿಕೊಂಡಿದೆ. ಬಹಳ ಜನಕ್ಕೆ ಇರುವುದು ಸಾಮಾನ್ಯ ನಿಜ, ಆದರೆ ಅದು ಆರೋಗ್ಯವಲ್ಲ. ರಕ್ತಹೀನತೆಯ ತಾಯಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಹೆಚ್ಚು. ಮಕ್ಕಳ ಗುಡ್ಡ ಎಡಕ್ಕೆ ಜರುಗುವುದು ಇಲ್ಲಿಂದಲೇ ಆರಂಭವಾಗುತ್ತದೆ.

ಮನೆಯವರು ಮಾಡಬೇಕಾದ್ದು

* ಐದು ವರ್ಷದೊಳಗಿನ ಮಗುವನ್ನು ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ. ಸಾಧ್ಯವಾದಷ್ಟು ಅದೇ ಯಂತ್ರ, ತೆಳುವಾದ ಬಟ್ಟೆ. ಕಾರ್ಡಿನಲ್ಲಿ ಚುಕ್ಕೆ ಇಡಿಸಿ, ಹಿಂದಿನ ಚುಕ್ಕೆಗೆ ಗೆರೆ ಸೇರಿಸಲು ಹೇಳಿ. ಸಂಖ್ಯೆಗಿಂತ ಗೆರೆಯ ದಿಕ್ಕು ಮುಖ್ಯ.

* ಎರಡು ವರ್ಷದವರೆಗೆ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಆಮೇಲೆ ನಿಲ್ಲಿಸಿ ಎತ್ತರ ಅಳೆಯಬೇಕು. ತೂಕ ಮಾತ್ರ ನೋಡಿ ಎತ್ತರವನ್ನು ಮರೆಯಬೇಡಿ.

* ಎರಡು ತಿಂಗಳು ಗೆರೆ ಅಡ್ಡಡ್ಡವಾಗಿ ಸಾಗಿದರೆ ಅಥವಾ ಕೆಳಗೆ ಬಾಗಿದರೆ, ಬಣ್ಣ ಹಸಿರೇ ಇದ್ದರೂ ವೈದ್ಯರಿಗೆ ತೋರಿಸಿ.

* ಆರು ತಿಂಗಳಿನಿಂದ ಐದು ವರ್ಷದ ಮಗುವಿನ ಮೇಲ್ದೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಥವಾ ಎರಡೂ ಪಾದಗಳಲ್ಲಿ ಊತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇಂಥ ಮಕ್ಕಳ ಆರೈಕೆಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ.

* ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ. ಆಮೇಲೆ ಹಾಲಿನ ಜೊತೆಗೆ ಗಟ್ಟಿಯಾದ ರಾಗಿ ಸರಿ, ಅದಕ್ಕೊಂದು ಚಮಚ ತುಪ್ಪ ಅಥವಾ ಎಣ್ಣೆ, ಮಸೆದ ಬೇಳೆ, ಸೊಪ್ಪು, ಹಣ್ಣು, ತಿನ್ನುವವರಾದರೆ ಮೊಟ್ಟೆ. ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಮಗುವಿನ ಹೊಟ್ಟೆ ಚಿಕ್ಕದು. ಸ್ವಲ್ಪಸ್ವಲ್ಪವೇ ಹಲವು ಸಲ ಕೊಡಿ.

* ಕೈ ತೊಳೆಯುವುದು, ಶುದ್ಧ ನೀರು, ಶೌಚಾಲಯದ ಬಳಕೆ ಇವೂ ಮಗುವಿನ ಬೆಳವಣಿಗೆಯ ಭಾಗ. ಪದೇ ಪದೇ ಭೇದಿಯಾಗುವ ಮಗು ತಿಂದದ್ದು ಮೈಗೆ ಹತ್ತುವುದಿಲ್ಲ.

* ಹದಿಹರೆಯದ ಹುಡುಗಿಯರೂ ಗರ್ಭಿಣಿಯರೂ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಬಿಡದೆ ನುಂಗಬೇಕು. ಮಾತ್ರೆ ನುಂಗಿದ ಮೇಲೆ ಒಂದು ಗಂಟೆಯಾದರೂ ಕಾಫಿ, ಟೀ ಬೇಡ.

* ಎತ್ತರ ಹೆಚ್ಚಿಸುತ್ತೇವೆಂದು ಹೇಳಿ ಮಾರುವ ಪುಡಿ, ಟಾನಿಕ್‌ಗಳಿಗೆ ಹಣ ಸುರಿಯಬೇಡಿ. ಅದೇ ಹಣಕ್ಕೆ ಹಾಲು, ಬೇಳೆ, ಮೊಟ್ಟೆ ಬರುತ್ತದೆ.

ಕೊನೆಯದಾಗಿ ಒಂದು ಮಾತು. ಮುಂದಿನ ಸಲ ಅಂಗನವಾಡಿಗೆ ಹೋದಾಗ ನಿಮ್ಮ ಮಗು ಯಾವ ಬಣ್ಣದಲ್ಲಿದೆ ಎಂದು ಮಾತ್ರ ಕೇಳಬೇಡಿ. ಕೇಂದ್ರದ ಎಲ್ಲ ಮಕ್ಕಳಲ್ಲಿ ಎಷ್ಟು ಮಂದಿ ಹಳದಿ ಮತ್ತು ಕಿತ್ತಳೆಯಲ್ಲಿದ್ದಾರೆ ಎಂದೂ ಕೇಳಿ. ನೂರಕ್ಕೆ ಎರಡೋ ಮೂರೋ ಇದ್ದರೆ ಸಂತೋಷ. ಹತ್ತು, ಇಪ್ಪತ್ತು, ಮೂವತ್ತಾದರೆ ಅದು ಆ ಮಕ್ಕಳ ಮನೆಯವರ ಚಿಂತೆ ಮಾತ್ರವಲ್ಲ. ಕುಡಿಯುವ ನೀರು, ಚರಂಡಿ, ಅಂಗನವಾಡಿಯ ಊಟ, ಬಸುರಿಯರ ಆರೈಕೆ ಇವುಗಳ ಬಗ್ಗೆ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ. ಮಗುವಿನ ಗೆರೆಯನ್ನು ತಾಯಿ ಕಾಯಬಲ್ಲಳು. ಜರುಗಿದ ಗುಡ್ಡವನ್ನು ಇದ್ದ ಜಾಗಕ್ಕೆ ತರಲು ಊರೇ ಕೈಹಾಕಬೇಕು.